ನಮ್ಮ ಭಾವನ ಫುಟ್ಬಾಲ್ ಗೋದಾಮು

ಚೆಂಡು ದುಂಡಗಿರುತ್ತದೆ ಎನ್ನುವ ಒಂದು ಸಂಗತಿಯನ್ನು ಬಿಟ್ಟರೆ ಫುಟ್ಬಾಲಿನ ಬಗ್ಗೆ ನಮ್ಮ ಭಾವನಿಗೆ ಏನೇನೂ ಗೊತ್ತಿರಲಿಲ್ಲ. ಚೆಂಡಿನಲ್ಲಿ ಗಾಳಿ ಕಡಿಮೆಯಿದ್ದ ದಿನ ಅದರ ಬಗ್ಗೆಯೂ ಅವರಿಗೆ ಅನುಮಾನ. ಇಂಥವರು ಕುವೈತಿನಲ್ಲಿ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಫುಟ್ಬಾಲ್ ತಂಡಕ್ಕೆ ಕೋಚ್ ಆಗಿದ್ದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಪ್ರತಿ ಶುಕ್ರವಾರ ಕಣ್ಣಾರೆ ನೋಡಿಯೂ ನಾವೇ ನಂಬಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಹ್ಮದಿಯಲ್ಲಿ ಎಣ್ಣೆ ಕಂಪೆನಿಯ ಸ್ಟೋರ್ ಕೀಪರ್. ಪೈಪು, ವಾಲ್ವು, ನಟ್ಟು, ಬೋಲ್ಟು, ಕೈಗವಸು, ಹೆಲ್ಮೆಟ್ಟುಗಳ ಮಹಾರಾಜ. ಕಂಪೆನಿ ಕೊಟ್ಟ ಕ್ವಾರ್ಟರ್ಸಿನಲ್ಲಿ ಅಕ್ಕ ಮತ್ತು ಮಗಳ ಜೊತೆ ಸುಖವಾಗಿದ್ದರು. ನಾನು ಜಾಬ್ರಿಯಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ವಾರವಿಡೀ ಕಂಡವರ ರಕ್ತ ಪರೀಕ್ಷೆ ಮಾಡುವುದು, ರಜೆಯ ದಿನ ಶುಕ್ರವಾರ ಬಂದರೆ ಭಾವನ ತಂಡದ ಆಟ ನೋಡಿ ನನ್ನ ರಕ್ತ ಕುದಿಸಿಕೊಳ್ಳುವುದು, ಇಷ್ಟೇ ನನ್ನ ಆಗಿನ ಬದುಕು.

ಹೆಂಗಸರಿಗೆ ಫುಟ್ಬಾಲ್ ಎಂತಕ್ಕೆ ಎಂದು ಕೇಳುವವರು ದಯಮಾಡಿ ಇಲ್ಲಿಂದಲೇ ಎದ್ದು ಹೋಗಬಹುದು. ಊರಿನಲ್ಲಿ ನಮ್ಮ ಕಾಲೇಜಿನ ಆಟ ನಡೆಯುವಾಗ ಮೈದಾನದ ಮೋಟುಗೋಡೆಯ ಮೇಲೆ ಕೂತು ಗಂಟಲು ಹರಿದುಕೊಂಡವಳು ನಾನು. ಆ ತಂಡ ಅಂದರೆ ತಂಡ ಮಾರಾಯ್ರೆ. ಎದುರಾಳಿ ಕಾಲೇಜಿನವರು ಬಸ್ಸಿನಿಂದ ಇಳಿಯುವ ಮೊದಲೇ ಅರ್ಧ ಸೋತಿರುತ್ತಿದ್ದರು. ಅದೇ ಕಾಲೇಜು, ಅದೇ ನೀಲಿ ಬನಿಯನ್, ಕುವೈತಿಗೆ ಬಂದ ಮೇಲೆ ಮಾತ್ರ ಲಗಾಡಿ ಹೋಯಿತು. ಕೇರಳದ ಎರಡು ಕಾಲೇಜು, ಗೋವಾದ್ದೊಂದು, ಹೈದರಾಬಾದಿನದ್ದೊಂದು, ನಮ್ಮದೊಂದು, ಹೀಗೆ ಐದು ಹಳೆ ವಿದ್ಯಾರ್ಥಿ ತಂಡಗಳು ಅಹ್ಮದಿಯ ಮರಳು ಮೈದಾನದಲ್ಲಿ ಆಡುತ್ತಿದ್ದವು. ಐದರಲ್ಲಿ ನಾವು ಐದನೆಯವರು. ಆರನೆಯ ತಂಡವೊಂದು ಸೇರಿದ್ದರೆ ನಾವು ಖಂಡಿತ ಆರನೆಯವರಾಗುತ್ತಿದ್ದೆವು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಭಾವ ಕೋಚ್ ಆದದ್ದು ಹೇಗೆ ಎಂದು ನೀವು ಕೇಳಬೇಕು. ಅವರ ಹತ್ತಿರ ವ್ಯಾನ್ ಇತ್ತು. ಅಷ್ಟೇ. ಮಹಬೂಲಾದಲ್ಲಿ ನಾಲ್ಕು ಜನ, ಜಾಬ್ರಿಯಾದಲ್ಲಿ ಮೂರು, ಇನ್ನೂ ಎಲ್ಲೆಲ್ಲೋ ಹಂಚಿಹೋದ ಆಟಗಾರರನ್ನು ಗುಡ್ಡೆ ಹಾಕಿ ಮೈದಾನಕ್ಕೆ ತಂದು ಸುರಿಯಲು ದೊಡ್ಡ ಗಾಡಿ ಬೇಕಿತ್ತು. ಯಾರ ವ್ಯಾನೋ ಅವರೇ ಕೋಚ್ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಡ್ರೈವರ್ ಎಂದು ಕರೆಯಲಿಕ್ಕೆ ಸಂಕೋಚವಾಗಿ ಕೋಚ್ ಎಂದು ಕರೆದದ್ದು. ಭಾವ ಅದನ್ನು ನಿಜವೆಂದು ನಂಬಿಬಿಟ್ಟರು.

ಅವರಿಗೆ ಆಫ್‌ಸೈಡ್ ಕಲಿಸಿದವಳು ನಾನೇ. ಊಟದ ಮೇಜಿನಲ್ಲಿ ಉಪ್ಪಿನಕಾಯಿ ಬಾಟ್ಲಿಯನ್ನು ಗೋಲ್‌ಕೀಪರ್ ಮಾಡಿ, ಉಪ್ಪಿನ ಡಬ್ಬಿ, ಲೋಟಗಳನ್ನು ಆಟಗಾರರನ್ನಾಗಿ ನಿಲ್ಲಿಸಿ ಒಂದು ಇಡೀ ಮಧ್ಯಾಹ್ನ ವಿವರಿಸಿದೆ. ಭಾವ ಬಹಳ ಗಮನವಿಟ್ಟು ಕೇಳಿದರು. ಆಮೇಲೆ ಕೇಳಿದರು, "ಅಲ್ಲ ಮಾರಾಯ್ತಿ, ಪಾಪ, ಅವನು ಮೊದಲೇ ಬಂದು ನಿಂತದ್ದು ತಪ್ಪಾ? ನಮ್ಮ ಕಂಪೆನಿಯಲ್ಲಿ ಬೇಗ ಬಂದವನಿಗೆ ಯಾರೂ ಸೀಟಿ ಊದುವುದಿಲ್ಲ."

ಅಕ್ಕ ಉಪ್ಪಿನಕಾಯಿ ಬಾಟ್ಲಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಆದರೆ ಭಾವನಿಗೆ ಸಿದ್ಧಾಂತ ಇರಲಿಲ್ಲವೆಂದು ಮಾತ್ರ ಹೇಳಬೇಡಿ. ಒಂದಲ್ಲ ಒಂದು ಸಿದ್ಧಾಂತ ಇಲ್ಲದೆ ಇಷ್ಟು ಕ್ರಮಬದ್ಧವಾಗಿ ಸೋಲುವುದು ಯಾರಿಗೂ ಸಾಧ್ಯವಿಲ್ಲ. ಗೋದಾಮಿನಲ್ಲಿ ಒಂದು ನಿಯಮ ಉಂಟಂತೆ: ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು. ಹಳೆಯ ವಾಲ್ವುಗಳನ್ನು ಹಿಂದೆ ತಳ್ಳಿ ಹೊಸದನ್ನೇ ಕೊಡುತ್ತಾ ಹೋದರೆ ಹಳೆಯದು ರ‍್ಯಾಕಿನಲ್ಲೇ ತುಕ್ಕು ಹಿಡಿಯುತ್ತದೆ. ಭಾವ ಈ ನಿಯಮವನ್ನು ಹಾಗೆಯೇ ಎತ್ತಿ ತಂದು ಮೈದಾನದಲ್ಲಿ ಸ್ಥಾಪಿಸಿದರು. ಯಾರು ಎಷ್ಟು ಚೆನ್ನಾಗಿ ಆಡುತ್ತಾರೆ ಎನ್ನುವುದು ಅವರಿಗೆ ಸಂಬಂಧವೇ ಇಲ್ಲದ ವಿಷಯ. ಯಾರು ಬೆಂಚಿನ ಮೇಲೆ ಜಾಸ್ತಿ ಹೊತ್ತು ಕೂತಿದ್ದಾರೆ ಎನ್ನುವುದೇ ಪ್ರಶ್ನೆ. ನಮ್ಮ ಆ ಪಂದ್ಯಗಳಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದಿತ್ತು. ಕುರುಡನ ಕೈಗೆ ಕೋಲು ಸಿಕ್ಕಿದ ಹಾಗಾಯಿತು ಎನ್ನಲೇ? ಬೇಡ, ಕುರುಡನಿಗೆ ಕೋಲಿನಿಂದ ಉಪಯೋಗವಾದರೂ ಉಂಟು.

ಗೋವಾದವರ ಜೊತೆ ಆಟ. ನಮ್ಮ ಕ್ಯಾಪ್ಟನ್ ಒಬ್ಬನೇ ನಮ್ಮಲ್ಲಿ ನಿಜವಾದ ಆಟಗಾರ. ಅವನು ಮೂವರನ್ನು ತಪ್ಪಿಸಿಕೊಂಡು ಚೆಂಡನ್ನು ಗೋಲಿನ ಹತ್ತಿರಕ್ಕೆ ತಂದಿದ್ದಾನೆ. ನಾವೆಲ್ಲ ಎದ್ದು ನಿಂತಿದ್ದೇವೆ. ಅಷ್ಟರಲ್ಲಿ ಚೆಂಡು ಎದುರಾಳಿಯ ಕಾಲಿಗೆ ತಾಗಿ ಗೆರೆಯಿಂದ ಹೊರಗೆ ಹೋಯಿತು. ನಮಗೆ ಕಾರ್ನರ್! ಭಾವ ಕೈ ಎತ್ತಿದರು. ಕ್ಯಾಪ್ಟನ್ ಹೊರಗೆ, ಬೆಂಚಿನಲ್ಲಿ ಕಿತ್ತಳೆ ಸುಲಿಯುತ್ತಿದ್ದವನು ಒಳಗೆ.

"ಎಂತ ಭಾವ ಇದು?" ಎಂದು ನಾನು ಕೂಗಿದೆ.

"ಅವನು ಆಗಿನಿಂದ ಕೂತಿದ್ದಾನೆ," ಎಂದರು ಭಾವ.

"ಕೂತರೆ ಕೂರಲಿ. ಅವನಿಗೆ ಆಡಲಿಕ್ಕೆ ಬರುವುದಿಲ್ಲ."

"ಕೂರಿಸಿದರೆ ಬರ್ತದಾ?"

ಕಿತ್ತಳೆಯವನು ಕಾರ್ನರನ್ನು ಎಷ್ಟು ಜೋರಾಗಿ ಒದ್ದನೆಂದರೆ ಚೆಂಡು ಮೈದಾನದ ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯ ಮೇಲೆ ಬಿದ್ದು ಪಕ್ಕದೂರು ಫಾಹಾಹೀಲ್ ಕಡೆಗೆ ಹೊರಟುಹೋಯಿತು. ಭಾವನೇ ವ್ಯಾನ್ ತೆಗೆದುಕೊಂಡು ಲಾರಿಯ ಹಿಂದೆ ಹೋದರು. ಅವರಿಲ್ಲದ ಆ ಸ್ವಲ್ಪ ಹೊತ್ತು ಬೇರೆ ಚೆಂಡು ತಂದು ಆಡಿದ ನಮ್ಮವರು ಒಂದೂ ಗೋಲು ಬಿಟ್ಟುಕೊಡಲಿಲ್ಲ. ಇದನ್ನು ನಾನೊಬ್ಬಳೇ ಗಮನಿಸಿದ್ದಲ್ಲ.

ಇನ್ನು ವಾಲ್ಟರನ ಕಥೆ. ವಾಲ್ಟರ್ ನನ್ನ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುವವನು, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿಂದೆ ಇದ್ದವನು. ಒಳ್ಳೆಯ ಹುಡುಗ, ಒಳ್ಳೆಯ ಗಾತ್ರ. ಮನೆಯಿಂದ ಬರುವ ಸಿಗಡಿ ಉಪ್ಪಿನಕಾಯಿಯನ್ನು ಇಡೀ ತಂಡಕ್ಕೆ ಹಂಚುತ್ತಿದ್ದ, ಆದರೆ ಮೊದಲು ತನಗೆ ಬಡಿಸಿಕೊಂಡು. ಅವನನ್ನು ಹಿಂದುಗಡೆ ಗೋಲು ಕಾಯಲಿಕ್ಕೆ ಸಹಾಯವೆಂದು ನಿಲ್ಲಿಸುತ್ತಿದ್ದರು. ಚೆಂಡು ಹತ್ತಿರ ಬಂದರೆ ಎಕ್ಸ್‌ರೇ ತೆಗೆಸಿಕೊಳ್ಳುವವನ ಹಾಗೆ ಉಸಿರು ಹಿಡಿದು ಅಲ್ಲಾಡದೆ ನಿಂತುಬಿಡುತ್ತಿದ್ದ. ಒಂದು ಶುಕ್ರವಾರ ಮಾತ್ರ ಅಲ್ಲಾಡಿದ. ಓಡಿ ಬಂದು ಕಾಲೆತ್ತಿ ಒದ್ದ. ಅಂಥ ಸುಂದರವಾದ ಗೋಲನ್ನು ನಮ್ಮ ತಂಡದಲ್ಲಿ ಯಾರೂ ಹೊಡೆದಿರಲಿಲ್ಲ. ಹೊಡೆದದ್ದು ನಮ್ಮದೇ ಗೋಲಿಗೆ.

"ಸಾಯ್ಬಾ!" ಎಂದು ವಾಲ್ಟರ್ ದೇವರನ್ನು ಕರೆದು ಮರಳಿನ ಮೇಲೆ ಕುಕ್ಕರಿಸಿದ. ಪ್ರೇಕ್ಷಕರಾದ ನಾವು ದೇವರನ್ನಲ್ಲದೆ ಬೇರೆ ಕೆಲವರನ್ನೂ ಕರೆದೆವು. "ಅವನನ್ನು ಹೊರಗೆ ತೆಗೀರಿ" ಎಂದು ಬೊಬ್ಬೆ ಹಾಕಿದವರಲ್ಲಿ ನನ್ನ ಸ್ವರವೇ ಮೇಲೆ. ಭಾವ ಮೈದಾನದೊಳಗೆ ಹೋಗಿ ಅವನ ಬೆನ್ನು ತಟ್ಟಿ ಏನೋ ಹೇಳಿ ವಾಪಸ್ ಬಂದರು. ಏನು ಹೇಳಿದಿರಿ ಎಂದು ಕೇಳಿದೆ.

"ಗೋಲು ಹೊಡೆಯುವುದು ನಿನಗೆ ಗೊತ್ತುಂಟು ಅಂತ ಇವತ್ತು ಗೊತ್ತಾಯ್ತು, ದಿಕ್ಕಿನ ವಿಷಯ ನಿಧಾನಕ್ಕೆ ನೋಡುವ ಅಂತ ಹೇಳಿದೆ."

ಇದಾದ ಮೇಲೂ ವಾಲ್ಟರ್ ಪ್ರತಿ ಪಂದ್ಯದಲ್ಲಿ ಆಡಿದ. ಭಾವನ ತಂಡದಲ್ಲಿ ಬೆಂಚಿನ ಮೇಲೆ ಕೂತೇ ಮನೆಗೆ ಹೋದವನು ಒಬ್ಬನೂ ಇಲ್ಲ. ವ್ಯಾನಿನಲ್ಲಿ ಯಾರು ಹತ್ತಿದರೋ ಅವರು ಆಡಿದರು. ಒಮ್ಮೆ ನಂಟರ ಮನೆಗೆಂದು ಬಂದು ಸುಮ್ಮನೆ ವ್ಯಾನಿನಲ್ಲಿ ಲಿಫ್ಟ್ ಕೇಳಿದವರೊಬ್ಬರು, ಪ್ಯಾಂಟು ಮಡಚಿಕೊಂಡು ಕೊನೆಯ ಹತ್ತು ನಿಮಿಷ ಲೆಫ್ಟ್ ವಿಂಗಿನಲ್ಲಿ ಆಡಿ ಹೋದರು.

ಸೋತ ಮೇಲೆ ಕೇಳಬೇಕಾ! ಊಟದ ಬುತ್ತಿ ಬಿಚ್ಚುವ ಮೊದಲೇ ನಾವು ಭಾವನ ಮೇಲೆ ಬೀಳುತ್ತಿದ್ದೆವು. ನಮ್ಮ ಅಭಿಮಾನಿಗಳ ಮುಖಂಡರು ಫಾಹಾಹೀಲಿನಲ್ಲಿ ಹೋಟೆಲ್ ಇಟ್ಟಿದ್ದ ಶೆಟ್ರು. ಕಾಲೇಜಿನಲ್ಲಿ ಅವರು ಮೂರು ವರ್ಷದ ಪದವಿಯನ್ನು ಐದು ವರ್ಷ ಓದಿದ್ದರಿಂದ ಕಾಲೇಜಿನ ಮೇಲೆ ಉಳಿದವರಿಗಿಂತ ಹೆಚ್ಚು ಪ್ರೀತಿ. "ನಾವು ಸೋಲುವುದು ನೋಡಲಿಕ್ಕೆ ನಾನು ಹೋಟೆಲ್ ಮುಚ್ಚಿ ಬರ್ತೇನೆ. ಅಲ್ಲಿ ಗಿರಾಕಿ ಬೈದು ಹೋಗ್ತಾನೆ, ಇಲ್ಲಿ ಎದುರಾಳಿ ನಕ್ಕು ಹೋಗ್ತಾನೆ. ನನ್ನ ಜನ್ಮ ಎಂತಕ್ಕೆ?" ಎಂದು ಅವರು ಕೇಳುವಾಗ ನಮಗೂ ಹೌದೆನಿಸುತ್ತಿತ್ತು. ಭಾವನಿಗೆ ಮಾತ್ರ ಬೇಸರವೆಂಬುದೇ ಇಲ್ಲ. ಎದುರಾಳಿಗಳು ಚೆಂದದ ಗೋಲು ಹೊಡೆದರೆ ಚಪ್ಪಾಳೆ ತಟ್ಟುವ ಕೋಚನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮಗಳು, ಎಂಟು ವರ್ಷದವಳು, ವ್ಯಾನಿನಲ್ಲಿ ಹಿಂದೆ ಕೂತು "ಡ್ಯಾಡೀ, ವಿ ಲಾಸ್ಟ್ ಅಗೇನ್" ಎಂದರೆ, "ಹೌದು ಮಗಾ, ಆದ್ರೆ ಎಲ್ಲರೂ ಆಡಿದ್ರಲ್ಲ" ಎನ್ನುತ್ತಿದ್ದರು. ಅವಳಿಗೂ ಅದು ಸಮಾಧಾನವೆಂದು ಅನಿಸುತ್ತಿರಲಿಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ತೊಂಬತ್ತರ ಬೇಸಗೆ. ಬಿಸಿಲಿಗೆ ನಮ್ಮ ಆಟ ನಿಂತಿತ್ತು. ಟಿವಿಯಲ್ಲಿ ವರ್ಲ್ಡ್ ಕಪ್ ಬಂತು. ಜಗತ್ತಿನ ದೊಡ್ಡ ದೊಡ್ಡ ಕೋಚುಗಳನ್ನು ನೋಡಿಯಾದರೂ ಭಾವ ನಾಲ್ಕಕ್ಷರ ಕಲಿತಾರು ಎಂದು ನಮಗೆ ಆಸೆ. ಅವರೂ ಒಂದು ಪಂದ್ಯ ಬಿಡದೆ ನೋಡಿದರು. ಫೈನಲ್ ಮುಗಿಯಿತು, ಕಪ್ಪು ಕೊಟ್ಟರು, ಆಟಗಾರರು ಅತ್ತರು, ನಕ್ಕರು. ಭಾವನ ಕಣ್ಣು ಮಾತ್ರ ಬೇರೆಲ್ಲೋ. "ಆ ಬೆಂಚಿನಲ್ಲಿ ಕೋಟು ಹಾಕಿಕೊಂಡ ಹುಡುಗನನ್ನು ನೋಡಿದೆಯಾ? ಅಷ್ಟು ದೂರ ಕರೆದುಕೊಂಡು ಬಂದು ಐದು ನಿಮಿಷ ಆಡಿಸಲಿಲ್ಲ. ಅವನ ತಾಯಿ ಟಿವಿ ನೋಡ್ತಾ ಇರ್ತಾರೆ" ಎಂದರು.

ಆ ದಿನವೇ ನಾನು ತೀರ್ಮಾನ ಮಾಡಿದೆ. ಇನ್ನು ಇವರು ನಮ್ಮ ಕೋಚ್ ಅಲ್ಲ.

ಶೆಟ್ರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅಭಿಮಾನಿಗಳ ಗುಟ್ಟಿನ ಸಭೆ ನಡೆಯಿತು. ಗುಟ್ಟೆಂದರೆ ಹೇಗೆ, ಎಲ್ಲರೂ ಒಟ್ಟಿಗೆ ಮಾತಾಡಿದ್ದು ಬೀದಿಯವರೆಗೆ ಕೇಳುತ್ತಿತ್ತು. ಒಬ್ಬರು ಕೋಚ್ ಬೇಡ, ವ್ಯಾನ್ ಮಾತ್ರ ಇಟ್ಟುಕೊಳ್ಳುವ ಎಂದರು. ಇನ್ನೊಬ್ಬರು ಭಾವನಿಗೆ "ಮಹಾಪೋಷಕರು" ಅಂತ ಒಂದು ಪದವಿ ಕೊಟ್ಟು ಕುರ್ಚಿಯಲ್ಲಿ ಕೂರಿಸುವ ಎಂದರು. ಕೊನೆಗೆ ಶೆಟ್ರು ಟೇಬಲ್ ಕುಟ್ಟಿ, "ನೋಡಿ, ನಮಗೆ ಕಪ್ಪು ಬೇಡ. ಒಂದು ಮ್ಯಾಚು. ಸಾಯುವ ಮೊದಲು ಒಂದೇ ಒಂದು ಮ್ಯಾಚು ಗೆದ್ದದ್ದು ನೋಡ್ಬೇಕು. ಅದು ಅವರು ಇರುವಷ್ಟು ದಿನ ಆಗುವುದಿಲ್ಲ. ಖಲಾಸ್" ಎಂದರು. ಎಲ್ಲರೂ ಹೌದೆಂದರು, ನಾನು ಎಲ್ಲರಿಗಿಂತ ಮೊದಲು. ಚಳಿಗಾಲದಲ್ಲಿ ಆಟ ಶುರುವಾಗುವಾಗ ಕ್ಯಾಪ್ಟನ್ನೇ ಕೋಚ್ ಎಂದು ಆಯಿತು. ಭಾವನಿಗೆ ಹೇಳುವವರು ಯಾರು ಎನ್ನುವಲ್ಲಿಗೆ ಬರುವಾಗ ಎಲ್ಲರೂ ನನ್ನನ್ನು ನೋಡಿದರು. ನಂಟಸ್ತಿಕೆ ಇರುವುದು ಇಂಥದ್ದಕ್ಕೇ ಅಲ್ಲವಾ?

ಹೇಳಲೇಬೇಕೆಂದು ಅಹ್ಮದಿಗೆ ಹೋದೆ. ಭಾವ ಹಜಾರದಲ್ಲಿ ಹಳೆಯ ಚೆಂಡಿನ ಹರಿದ ಹೊಲಿಗೆಯನ್ನು ದಬ್ಬಣ ಹಿಡಿದು ಹೊಲಿಯುತ್ತಿದ್ದರು. ಚಾ ಕುಡಿದು ವಾಪಸ್ ಬಂದೆ. ಇನ್ನೊಮ್ಮೆ ಹೋದೆ. ಅಕ್ಕ ನೀರುದೋಸೆ ಮಾಡಿದ್ದಳು. ನೀರುದೋಸೆ ತಿನ್ನುತ್ತಾ ಮನುಷ್ಯನನ್ನು ಕೆಲಸದಿಂದ ತೆಗೆಯಲಿಕ್ಕಾಗುತ್ತದಾ? ತಿಂದು ಬಂದೆ. ಶೆಟ್ರು ದಿನಕ್ಕೊಮ್ಮೆ ಆಸ್ಪತ್ರೆಗೆ ಫೋನ್ ಮಾಡಿ "ಎಂತಾಯ್ತು, ಎಂತಾಯ್ತು" ಎಂದು ನನ್ನ ಮಂಡೆ ತಿನ್ನತೊಡಗಿದರು. ಬರುವ ಶುಕ್ರವಾರ ಹೇಳಿಯೇ ಸಿದ್ಧ ಎಂದು ಮಾತು ಕೊಟ್ಟೆ.

ಗುರುವಾರ ಬೆಳಿಗ್ಗೆ ಇರಾಕಿನ ಸೈನ್ಯ ಕುವೈತಿನೊಳಗೆ ಬಂತು. ಒಬ್ಬ ಕೋಚನ್ನು ಉಳಿಸಲಿಕ್ಕೆ ಇಷ್ಟು ದೊಡ್ಡ ಏರ್ಪಾಡು ಬೇಕಿರಲಿಲ್ಲ.

ಆಗಿನದೆಲ್ಲ ಬಹಳ ಜನ ಹೇಳಿದ್ದಾರೆ, ನಾನು ಹೇಳುವುದಿಲ್ಲ. ಹೆದರಿದೆವು. ರೊಟ್ಟಿಗೆ ಸಾಲು ನಿಂತೆವು. ಭಾವನ ವ್ಯಾನನ್ನು ಸೈನಿಕರು ಕೊಂಡುಹೋದರು, ಕೋಚ್ ಹುದ್ದೆಗೆ ಇದ್ದ ಒಂದೇ ಅರ್ಹತೆಯೂ ಹೋಯಿತು. ಊರಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ ಹೋಗಬೇಕು, ಅಲ್ಲಿಂದ ವಿಮಾನ. ಶೆಟ್ರು ಹೇಗೋ ಒಂದು ಬಸ್ಸು ಹಿಡಿದರು. ಸೀಟು ಹಂಚುವ ಕೆಲಸ ಭಾವನದ್ದು. ಮೊದಲು ಬಂದವರು ಮೊದಲು ಹೊರಗೆ ಎಂದರೆ ಕುವೈತಿಗೆ ಎಲ್ಲರಿಗಿಂತ ಮೊದಲು ಬಂದ ತಾವೇ ಮೊದಲು ಹೊರಡಬೇಕಾಗುತ್ತದೆ ಎಂದು ಗೊತ್ತಾಗಿ ಜೀವನದಲ್ಲಿ ಮೊದಲ ಸಲ ಅವರು ತಮ್ಮ ನಿಯಮವನ್ನು ಬದಿಗಿಟ್ಟರು. ಹೆಂಗಸರು, ಮಕ್ಕಳು, ಕಾಯಿಲೆಯವರು, ಆಮೇಲೆ ಉಳಿದವರು. ಎಲ್ಲರಿಗೂ ಸೀಟು ಸರಿಹೋಯಿತು. ಕೊನೆಯ ಸೀಟು ವಾಲ್ಟರನದ್ದು.

ಹೊರಡುವ ಹೊತ್ತಿಗೆ ಮಹಬೂಲಾದಿಂದ ಒಬ್ಬಳು ಬಸುರಿ ಹೆಂಗಸು ಬಂದಳು. ಗಂಡ ರಜೆಯಲ್ಲಿ ಊರಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ, ಇವಳು ಇಲ್ಲಿ ಒಬ್ಬಳೇ. ಯಾರೂ ಏನೂ ಹೇಳುವ ಮೊದಲೇ ವಾಲ್ಟರ್ ಚೀಲ ಎತ್ತಿಕೊಂಡು ಕೆಳಗಿಳಿದ. ಅವನ ಹಿಂದೆಯೇ ಭಾವನೂ ಇಳಿದರು.

"ನೀನು ಹತ್ತು ವಾಲ್ಟರ್. ನಾನು ಆಮೇಲೆ ಬರ್ತೇನೆ," ಎಂದರು.

ಅಕ್ಕ ಬಸ್ಸಿನ ಕಿಟಕಿಯಿಂದ ಭಾವನನ್ನು ನೋಡುತ್ತಾ ಕೂತಿದ್ದಳು. ಮಗಳು ಅಳತೊಡಗಿದಳು. ವಾಲ್ಟರ್ ಭಾವನ ಎರಡೂ ಭುಜ ಹಿಡಿದು ಬಸ್ಸಿನ ಕಡೆಗೆ ತಿರುಗಿಸಿದ. "ಕೋಚ್, ನಿಮಗೆ ಮಗು ಉಂಟು. ನೀವು ನನ್ನನ್ನು ಬೆಂಚಿನಲ್ಲಿ ಕೂರಿಸಿದ್ದೇ ಇಲ್ಲ. ಇವತ್ತೊಂದು ದಿನ ಕೂರ್ತೇನೆ. ಮುಂದಿನ ಬಸ್ಸಿಗೆ ಬರ್ತೇನೆ, ನೀವು ಹೋಗಿ."

ಬಸ್ಸು ಹೊರಟಿತು. ಇರಾಕ್ ದಾಟಿ ಜೋರ್ಡಾನ್ ಗಡಿಯ ಡೇರೆಗಳಿಗೆ ತಲುಪುವವರೆಗೆ ಬಸ್ಸು ನಿಂತಲ್ಲೆಲ್ಲ ಭಾವ ಕೆಳಗಿಳಿದು ಹಿಂದಿನಿಂದ ಬರುವ ಬಸ್ಸುಗಳನ್ನು ನೋಡುತ್ತಿದ್ದರು.

ಮುಂದಿನ ಬಸ್ಸಿನಲ್ಲಿ ವಾಲ್ಟರ್ ಬರಲಿಲ್ಲ. ಆಮೇಲಿನ ಬಸ್ಸಿನಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯಲಿಕ್ಕೆ ಬೇರೆ ಯಾರೂ ಉಳಿದಿಲ್ಲವೆಂದು ಅವನನ್ನು ಬಿಡುತ್ತಿಲ್ಲ ಎಂದು ಯಾರೋ ಹೇಳಿದರು. ಕಾಮಾಲೆಯಾಗಿ ಮಲಗಿದ್ದಾನೆ ಎಂದು ಇನ್ನಾರೋ ಹೇಳಿದರು. ಆಮೇಲೆ ಹೇಳುವವರೂ ಇಲ್ಲವಾದರು, ಫೋನುಗಳೂ ಸತ್ತವು. ಊರಿನಲ್ಲಿ ಭಾವ ಪ್ರತಿ ಭಾನುವಾರ ಪೂಜೆ ಬಿಡುವ ಹೊತ್ತಿಗೆ ಇಗರ್ಜಿಯ ಹೊರಗೆ ಹೋಗಿ ನಿಲ್ಲುತ್ತಿದ್ದರು, ವಾಲ್ಟರನ ತಾಯಿಯನ್ನು ಕೇಳಲಿಕ್ಕೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆ ಮುದುಕಿಯೇ ಇವರ ಕೈ ತಟ್ಟಿ ಸಮಾಧಾನ ಹೇಳುತ್ತಿದ್ದಳು. ಫುಟ್ಬಾಲಿನ ವಿಷಯ, ಸಭೆಯ ವಿಷಯ, ಯಾವುದೂ ನನಗೆ ಆಗ ನೆನಪಿಗೆ ಬರಲಿಲ್ಲ.

ಯುದ್ಧ ಮುಗಿದ ಮೇಲೆ ವಾಲ್ಟರ್ ಬದುಕಿದ್ದಾನೆಂದು ಸುದ್ದಿ ಬಂತು. ತೊಂಬತ್ತೊಂದರ ಕೊನೆಗೆ ಒಬ್ಬೊಬ್ಬರಾಗಿ ನಾವೂ ವಾಪಸ್ ಹೋದೆವು. ಅಹ್ಮದಿಯಲ್ಲಿ ಇರಾಕಿನವರು ಹೋಗುವಾಗ ಎಣ್ಣೆ ಬಾವಿಗಳಿಗೆ ಹಚ್ಚಿದ ಬೆಂಕಿ ಆರಿತ್ತು, ಮರಳು ಇನ್ನೂ ಕಪ್ಪಗೇ ಇತ್ತು. ನಮ್ಮನ್ನು ನೋಡಲಿಕ್ಕೆ ಬಂದ ವಾಲ್ಟರ್ ಅರ್ಧವೇ ಉಳಿದಿದ್ದ. ಕುತ್ತಿಗೆಯ ಎಲುಬು ಅಂಗಿಯೊಳಗಿಂದ ಕಾಣುತ್ತಿತ್ತು, ಎಕ್ಸ್‌ರೇ ಬೇಕಾಗಿಯೇ ಇರಲಿಲ್ಲ. ಭಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸ್ಟಾಕು ಬಹಳ ಕಮ್ಮಿ ಆಗಿದೆ ಮಾರಾಯ" ಎಂದು ಹೇಳಿ, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಮನುಷ್ಯರು ವಿಚಿತ್ರ. ಅಷ್ಟೆಲ್ಲ ಆದ ಮೇಲೂ ಡಿಸೆಂಬರಿನ ಒಂದು ಶುಕ್ರವಾರ ಆಟ ಇಡುವ ಎಂದು ಹೊರಟವರು ನಾವೇ. ಐದು ತಂಡಗಳಲ್ಲಿ ಎರಡಕ್ಕೆ ಜನ ಸಿಕ್ಕಿದರು, ಕೇರಳದ ಒಂದು ಕಾಲೇಜು ಮತ್ತು ನಾವು. ಮೈದಾನದಲ್ಲಿ ಬಾಂಬು ಗೀಂಬು ಇಲ್ಲವೆಂದು ಸೈನ್ಯದವರು ನೋಡಿ ಹೇಳಿದ ಮೇಲೆಯೇ ಆಟ. ನಮ್ಮ ಕಡೆ ಹಳಬರು, ಹೊಸಬರು ಸೇರಿ ಹನ್ನೊಂದು ಜನ. ಹನ್ನೆರಡನೆಯವನು ವಾಲ್ಟರ್. ಬಾಡಿಗೆಯ ಗಾಡಿಯಲ್ಲಿ ಎಲ್ಲರನ್ನೂ ತಂದವರು ಭಾವನೇ. ಕೋಚ್ ಬದಲಾದ ವಿಷಯ ಅವರಿಗೆ ಯಾರೂ ಹೇಳಿರಲೇ ಇಲ್ಲವಲ್ಲ.

ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಒಂದು ಪವಾಡ ನಡೆಯಿತು. ಕ್ಯಾಪ್ಟನ್ ದೂರದಿಂದ ಒದ್ದ ಚೆಂಡು ಅವರ ಗೋಲ್‌ಕೀಪರನ ಕಾಲ ಸಂದಿನಿಂದ ಒಳಗೆ ಹೋಯಿತು. ನಾವು ಮುಂದೆ! ಶೆಟ್ರು ತಲೆಯ ಟೊಪ್ಪಿ ಎಸೆದರು. ನಾನು ಅಕ್ಕನನ್ನು ಅಪ್ಪಿಕೊಂಡೆ. ಅರ್ಧ ಆಟ ಮುಗಿಯಿತು, ನಾವು ಮುಂದೆಯೇ ಇದ್ದೆವು. ಇನ್ನು ಹತ್ತು ನಿಮಿಷ ಉಳಿದಾಗಲೂ ಮುಂದೆಯೇ. ಆಗ ನನಗೆ ಏನೋ ಸರಿಯಿಲ್ಲ ಎನಿಸಿತು. ನೋಡಿದರೆ, ಭಾವ ಒಬ್ಬನನ್ನೂ ಬದಲಾಯಿಸಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಮೈದಾನವನ್ನೇ ನೋಡುತ್ತಾ ನಿಂತಿದ್ದರು. ಅವರ ಹಿಂದೆ ಬೆಂಚಿನಲ್ಲಿ ವಾಲ್ಟರ್ ಬೂಟು ಕಟ್ಟಿಕೊಂಡು, ಸ್ವೆಟರ್ ಹಾಕಿಕೊಂಡು ಒಬ್ಬನೇ ಕೂತಿದ್ದ.

ನಾನು ಹತ್ತಿರ ಹೋದೆ. "ಭಾವ, ವಾಲ್ಟರ್ ಕೂತೇ ಇದ್ದಾನಲ್ಲ?"

"ಕೂರಲಿ," ಎಂದರು ಮೆಲ್ಲಗೆ. "ಅವನ ಹತ್ತಿರ ಮೊದಲೇ ಕೇಳಿದ್ದೇನೆ. ಅಡ್ಡಿಯಿಲ್ಲ ಅಂದಿದ್ದಾನೆ."

"ಎಂತಕ್ಕೆ?"

ಅವರು ನನ್ನ ಕಡೆ ತಿರುಗಲಿಲ್ಲ. "ಶೆಟ್ರ ಹೋಟೆಲಿನಲ್ಲಿ ನೀವೆಲ್ಲ ಕೂತು ಮಾತಾಡಿದ್ದು ನನಗೆ ಮರುದಿನವೇ ಗೊತ್ತಾಗಿತ್ತು. ನೀನು ಹೇಳ್ಲಿಕ್ಕೆ ಬಂದು ಚಾ ಕುಡಿದು ಹೋದದ್ದೂ ಗೊತ್ತುಂಟು. ನಿಮ್ಮದು ತಪ್ಪಲ್ಲ. ನನಗೆ ಆಟ ಗೊತ್ತಿಲ್ಲ, ನಿಜ. ಬಸ್ಸಿನಲ್ಲಿ ಹೋಗುವಾಗ ಅಂದುಕೊಂಡೆ, ವಾಪಸ್ ಬರ್ಲಿಕ್ಕಾದ್ರೆ ನಿಮಗೆ ಒಂದು ಮ್ಯಾಚು ಗೆಲ್ಲಿಸಿ ಕೊಟ್ಟು ಬಿಟ್ಟುಬಿಡುವುದು ಅಂತ. ಇನ್ನು ಹತ್ತೇ ನಿಮಿಷ. ಸುಮ್ಮನೆ ನೋಡು."

ನಾನು ವಾಲ್ಟರನನ್ನು ನೋಡಿದೆ. ಅವನು ನನಗೆ ಕೈ ಎತ್ತಿ ನಕ್ಕ. ಎಷ್ಟು ವರ್ಷ ಬಾಯಿ ಹರಿದುಕೊಂಡು ನಾನು ಕೇಳಿದ್ದು ಇದನ್ನೇ, ಅವನನ್ನು ಹೊರಗೆ ಕೂರಿಸಿ ಅಂತ. ಕೇಳಿದ್ದು ಸಿಕ್ಕಿತ್ತು. ಅದನ್ನು ನೋಡಲಿಕ್ಕೆ ನನ್ನಿಂದ ಆಗಲಿಲ್ಲ.

"ಅವನನ್ನು ಆಡಿಸಿ ಭಾವ," ಎಂದೆ.

"ಸೋಲ್ತೇವೆ ಮಾರಾಯ್ತಿ."

"ಸೋಲುವ."

ಹಿಂದೆ ನಿಂತಿದ್ದ ಶೆಟ್ರಿಗೆ ನಮ್ಮ ಮಾತು ಕೇಳಿಸಿತ್ತೆಂದು ಆಗ ಗೊತ್ತಾಯಿತು. "ಆಡಿಸಿ ಮಾರಾಯ್ರೆ ಅವನನ್ನು. ಗೆಲ್ಲಲಿಕ್ಕೆ ಮುಂದೆ ಶುಕ್ರವಾರ ಇಲ್ಲವಾ?" ಎಂದರು. ಆಮೇಲೆ ಅವರೇ ಮೊದಲು ವಾಲ್ಟರನ ಹೆಸರು ಕರೆದರು. ಬುತ್ತಿ ಬಿಚ್ಚುತ್ತಿದ್ದ ಹೆಂಗಸರು, ಗಾಡಿಗೆ ಒರಗಿ ನಿಂತ ಗಂಡಸರು, ಒಬ್ಬೊಬ್ಬರಾಗಿ ಎಲ್ಲರೂ ಕರೆದರು. ಭಾವ ಕೈ ಎತ್ತಿದರು. ವಾಲ್ಟರ್ ಸ್ವೆಟರ್ ತೆಗೆದು ಮಡಚಿ ಬೆಂಚಿನ ಮೇಲಿಟ್ಟು ಮೈದಾನದೊಳಗೆ ಓಡಿದ.

ನಾವು ಎರಡು ಗೋಲು ತಿಂದೆವು. ಎರಡೂ ವಾಲ್ಟರ್ ನಿಂತ ಕಡೆಯಿಂದಲೇ ಬಂದವು. ನಮ್ಮವರಲ್ಲಿ ಒಬ್ಬರೂ ಬೈಯಲಿಲ್ಲ.

ಆಟ ಮುಗಿದು ಅವನು ಏದುಸಿರು ಬಿಡುತ್ತಾ ಬಂದಾಗ ಭಾವ ಅವನ ಕೈ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. "ಆವತ್ತು ನಿನ್ನನ್ನು ಬಿಟ್ಟು ಹೋಗಬಾರದಿತ್ತು ವಾಲ್ಟರ್" ಎಂದರು, ಎಲ್ಲರೆದುರು, ಸಣ್ಣ ಮಕ್ಕಳ ಹಾಗೆ ಅಳುತ್ತಾ. ವರ್ಷಕ್ಕೂ ಮೇಲಾಗಿ ಅವರು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

ವಾಲ್ಟರ್ ಇನ್ನೊಂದು ಕೈಯಿಂದ ಮುಖದ ಮರಳು ಒರೆಸಿಕೊಂಡ. "ಬಿಡಿ ಕೋಚ್," ಎಂದ. "ಬರುವ ವಾರ ಗಾಡಿ ಎಷ್ಟು ಗಂಟೆಗೆ ಬರ್ತದೆ ಹೇಳಿ."